ಸೆರಗಿನೊಳಗೆ ಬಂದ ಕೈ

ಮಧ್ಯಾಹ್ನ ಉಂಡು ಅಡ್ಡಾದರೆ ನನಗೆ ಈಗಲೂ ಮೊದಲು ಕಾಣುವುದು ಬಣ್ಣ. ಕೆಂಪು. ಬಿಸಿಲು ಸೀರೆಯನ್ನು ಹಾಯ್ದು ಒಳಗೆ ಬಂದಾಗ ಕಾಣುವ ಕೆಂಪು. ಒಮ್ಮೊಮ್ಮೆ ಹಸಿರು, ಒಮ್ಮೊಮ್ಮೆ ಅರಿಶಿನ. ಆ ಬಣ್ಣದೊಳಗೆ ಎಲ್ಲೋ ಒಂದು ಕೂಸು ಗುಟುಕು ಗುಟುಕಾಗಿ ಹಾಲು ಕುಡಿಯುತ್ತಿರುತ್ತದೆ. ಕೂಸು ಕಾಣುವುದಿಲ್ಲ, ಸಪ್ಪಳವಷ್ಟೇ ಕೇಳುತ್ತದೆ. ಕೇಳುತ್ತ ಕೇಳುತ್ತ ನಿದ್ದೆ ಹತ್ತುತ್ತದೆ. "ಅತ್ತಿ, ನಿದ್ದಿಯೊಳಗ ನಗತೀರಿ ನೀವು" ಎಂದು ಸೊಸೆ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ದುಡಿದ ಕಾಲವೆಲ್ಲ ಬಾಣಂತಿಯರ ಸೆರಗಿನೊಳಗೆ ತಲೆ ಹಾಕಿ ಕೂತವಳು ನಾನು. ನನ್ನ ನಿದ್ದೆಯಲ್ಲಿ ಮತ್ತೇನು ಬಂದೀತು?

ಈಗ ನರ್ಸ್ ಕೆಲಸಕ್ಕೆ ಸೇರುತ್ತಿರುವ, ಸೋಲಾಪುರ ಗಡಿಯ ನಮ್ಮ ಕಡೆಯ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ. ಕನ್ನಡ ಅಕ್ಷರ ಕಂಡರೆ ನೀವು ಮುಖ ಹಿಂಡುತ್ತೀರಿ ಎಂದು ನನಗೆ ಗೊತ್ತಿದೆ. ಓದಲು ಬರುವವರು ಬಾರದವರಿಗೆ ಓದಿ ಹೇಳಿರಿ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಲ್ಲಿಂದ ಎಲ್ಲಿಗೆ ವರ್ಗವಾಯಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಕೂಸಿಗೆ ಮೊಲೆ ಹಿಡಿಸುವ ಕೆಲಸ ಹೇಗಿರುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ನೋಡಿದವರಿಗೆ ಇದೂ ಒಂದು ಕೆಲಸವೇನು ಅನಿಸುತ್ತದೆ. ಹುಟ್ಟಿದ ಕೂಸು ತಾನಾಗಿ ಹಾಲು ಕುಡಿಯುವುದಿಲ್ಲವೇ ಎಂದು ಕೇಳುತ್ತಾರೆ. ಕುಡಿಯುತ್ತದೆ. ಸುತ್ತಲಿನವರು ಸುಮ್ಮನಿದ್ದರೆ ಬಹಳಷ್ಟು ಕೂಸುಗಳು ಕುಡಿಯುತ್ತವೆ. ಆದರೆ ಬಾಣಂತಿಯ ಸುತ್ತ ಸುಮ್ಮನಿರುವವರನ್ನು ನಾನಂತೂ ಕಂಡಿಲ್ಲ.

ನನ್ನನ್ನು ತಿದ್ದಿದವರು ಸೋಲಾಪುರದ ಒಂದು ಆಸ್ಪತ್ರೆಯ ಮೇಟ್ರನ್ ಬಾಯಿ. ಮರಾಠಿಯವರು, ಎತ್ತರದ ಹೆಂಗಸು, ಗಂಜಿ ಹಾಕಿದ ಬಿಳಿ ಸೀರೆ. ಅವರು ವಾರ್ಡಿಗೆ ಬಂದರೆ ಮೊದಲು ಸೀರೆಯ ಸರಸರ ಕೇಳುತ್ತಿತ್ತು, ಆಮೇಲೆ ಬೈಗುಳ. ಆ ವಾರ್ಡಿಗೆ ಗಿರಣಿ ಚಾಳಿನ ತೆಲುಗು ಹೆಂಗಸರು, ಪೇಟೆಯ ಮರಾಠಿಯವರು, ಅಕ್ಕಲಕೋಟೆಯ ಕಡೆಯಿಂದ ಬಂದ ನಮ್ಮ ಕನ್ನಡದವರು ಎಲ್ಲರೂ ಬರುತ್ತಿದ್ದರು. ಮಾತು ಬೇರೆಯಾದರೂ ರೂಢಿ ಒಂದೇ. ಕೂಸನ್ನು ಎದೆಗೆ ತೆಗೆದುಕೊಂಡ ಕೂಡಲೇ ಅದರ ತಲೆಯ ಮೇಲೆ ಪೂರ್ತಿ ಸೆರಗು. ಹಾಲಿಗೆ ದೃಷ್ಟಿ ತಾಗಬಾರದು. ಈಗ ಸೀರೆ ಹೋಗಿ ಗೌನು ಬಂದಿದೆ, ಆದರೂ ಮೇಲೊಂದು ಟವೆಲ್ಲೋ ಹಳೆಯ ಸೀರೆಯೋ ಇದ್ದೇ ಇರುತ್ತದೆ. ಸೆರಗಿನೊಳಗೆ ಕೂಸಿನ ಬಾಯಿ ಎಲ್ಲಿದೆ, ತುಟಿ ಹೇಗಿದೆ ಎಂಬುದು ತಾಯಿಗೂ ಕಾಣುವುದಿಲ್ಲ, ಅವಳ ತಾಯಿಗೂ ಕಾಣುವುದಿಲ್ಲ. ನಾನು ಹೊಸಬಳು. "ಸೆರಗು ತೆಗೀರಿ, ನನಗ ಏನೂ ಕಾಣವಲ್ದು" ಎಂದು ಒಬ್ಬಳ ಸೆರಗಿಗೆ ಕೈ ಹಾಕಿದ್ದೆ. ಹಿಂದಿನಿಂದ ಮೇಟ್ರನ್ ಬಾಯಿಯ ದನಿ ಬಂತು.

"ಪದರ ಕಾಢೂ ನಕೋಸ್. ತೂ ಆತ್ ಜಾ."

ಸೆರಗು ತೆಗೆಯಬೇಡ, ನೀನೇ ಒಳಗೆ ಹೋಗು. ಇಷ್ಟೇ ಅವರು ನನಗೆ ಕಲಿಸಿದ್ದು, ಉಳಿದದ್ದೆಲ್ಲ ಒಳಗೆ ಹೋದ ಮೇಲೆ ನಾನಾಗಿ ಕಲಿತದ್ದು. ಅಂದು ಆ ಹೆಂಗಸಿನ ಮಗ್ಗುಲಲ್ಲಿ ಮೊಣಕಾಲೂರಿ ಕೂತು ಸೆರಗಿನೊಳಗೆ ತಲೆ ಹಾಕಿದೆ. ಹೊರಗಿನ ಗದ್ದಲವೆಲ್ಲ ದೂರವಾಯಿತು. ಒಳಗೆ ಬೆಚ್ಚಗಿತ್ತು. ಹಾಲಿನ ವಾಸನೆ, ಕೊಬ್ಬರಿ ಎಣ್ಣೆಯ ವಾಸನೆ, ಬಾಣಂತಿಗೆ ಕೊಟ್ಟ ಲೋಬಾನದ ಹೊಗೆಯ ವಾಸನೆ. ಹಸಿರು ಸೀರೆಯಾದ್ದರಿಂದ ಕೂಸಿನ ಕೆನ್ನೆಯೂ ಹಸಿರು, ತಾಯಿಯ ಎದೆಯೂ ಹಸಿರು, ನನ್ನ ಕೈಯೂ ಹಸಿರು. ನಾವು ಮೂವರೂ ಯಾವುದೋ ಕೆರೆಯ ತಳದಲ್ಲಿ ಕೂತ ಹಾಗಿತ್ತು. ಆ ಹೆಂಗಸು ನನ್ನತ್ತ ನೋಡಿ ನಕ್ಕಳು. ಹೊರಗಿದ್ದಾಗ ಅವಳು ನನಗೆ ಹೆದರುತ್ತಿದ್ದಳು.

ಒಳಗೆ ಏನು ನೋಡಬೇಕು ಎಂಬುದನ್ನು ಒಮ್ಮೆ ಹೇಳಿಬಿಡುತ್ತೇನೆ. ಮೊಲೆಯನ್ನು ಕೂಸಿನ ಬಾಯಿಗೆ ತುರುಕಬಾರದು, ಕೂಸನ್ನು ಮೊಲೆಯ ಹತ್ತಿರ ತರಬೇಕು. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ಅಂಟಿರಬೇಕು, ಕುತ್ತಿಗೆ ತಿರುಚಿರಬಾರದು. ಮೊಲೆತೊಟ್ಟು ಅದರ ಮೂಗಿಗೆ ಎದುರಾಗಿರಲಿ. ಆಗ ಕೂಸು ತಾನೇ ಮುಖ ಮೇಲೆತ್ತಿ, ಆಕಳಿಸುವಂತೆ ಬಾಯಿ ತೆರೆಯುತ್ತದೆ. ಆ ಗಳಿಗೆಗೆ ಕಾಯಬೇಕು, ಅದೇ ಕಷ್ಟ. ಬಾಯಿ ದೊಡ್ಡದಾಗಿ ತೆರೆದಾಗ ಭುಜ ಹಿಡಿದು ಹತ್ತಿರ ತಂದರೆ ಮೊದಲು ಗದ್ದ ತಾಗುತ್ತದೆ, ಆಮೇಲೆ ಕೆಳತುಟಿ, ಕೊನೆಗೆ ಮೇಲ್ತುಟಿ. ತೊಟ್ಟೊಂದೇ ಸಾಲದು, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ತಾಯಿಗೆ ನೋವಾಗುತ್ತಿದ್ದರೆ ಹಿಡಿತ ಸರಿಯಿಲ್ಲ. ಕಿರುಬೆರಳನ್ನು ಕೂಸಿನ ಬಾಯಿಯ ಮೂಲೆಯಲ್ಲಿ ತೂರಿಸಿ ಬಿಡಿಸಿ, ಮತ್ತೆ ಮೊದಲಿನಿಂದ. "ಮೊದಮೊದಲ ನೋವು ಇರೂದ, ತಡಕೋ" ಎಂದು ಯಾವ ಬಾಣಂತಿಗೂ ಹೇಳಬೇಡಿರಿ. ನಮ್ಮ ಹಿರಿಯರು ಹೇಳಿ ಹೇಳಿ ಎಷ್ಟೋ ಮಂದಿಯ ಮೊಲೆತೊಟ್ಟು ಒಡೆದು ರಕ್ತ ಬಂದಿದೆ.

ಒಳಗೆ ಹೋಗುವುದಕ್ಕೆ ಒಂದು ಅಪಾಯವೂ ಇದೆ. ಬೇಸಿಗೆಯ ಒಂದು ಮಧ್ಯಾಹ್ನ, ವಾರ್ಡಿನ ಫ್ಯಾನು ತಿರುಗಲೋ ಬೇಡವೋ ಎಂದು ತಿರುಗುತ್ತಿತ್ತು. ಬೋರಾಮಣಿ ಊರಿನ ಒಬ್ಬಳ ಅರಿಶಿನ ಬಣ್ಣದ ಸೆರಗಿನೊಳಗೆ ಕೂತಿದ್ದೆ. ಕೂಸು ಚೆನ್ನಾಗಿ ಹಿಡಿದಿತ್ತು. ಎಳೆಯುತ್ತದೆ, ನಿಲ್ಲುತ್ತದೆ, ನುಂಗುತ್ತದೆ. ಎಳೆಯುತ್ತದೆ, ನಿಲ್ಲುತ್ತದೆ, ನುಂಗುತ್ತದೆ. ಇನ್ನೊಂದು ಗಳಿಗೆ ನೋಡೋಣ ಎಂದು ಬಾಣಂತಿಯ ತೊಡೆಯ ಮೇಲೆ ತಲೆ ಆನಿಸಿದ್ದಷ್ಟೇ ನೆನಪು. ರೌಂಡಿಗೆ ಬಂದ ಡಾಕ್ಟರರು ಸೆರಗಿನ ಹೊರಗೆ ಚಾಚಿಕೊಂಡಿದ್ದ ನನ್ನ ಬಿಳಿ ಚಪ್ಪಲಿ ನೋಡಿದರಂತೆ. ಕೂಸು ನಿದ್ದೆ, ತಾಯಿ ನಿದ್ದೆ, ನಾನೂ ನಿದ್ದೆ. "ಇವರಲ್ಲಿ ನನ್ನ ಪೇಶಂಟ್ ಯಾರು?" ಎಂದು ಅವರು ಮೇಟ್ರನ್ ಬಾಯಿಯನ್ನು ಕೇಳಿದರು. ವರ್ಷಗಟ್ಟಲೆ ನನಗೆ "ಪೇಶಂಟ್" ಎಂದೇ ಹೆಸರಿತ್ತು. ಬೈಸಿಕೊಂಡೆ ನಿಜ, ಆದರೆ ಅಂಥ ನಿದ್ದೆ ಮತ್ತೆ ಬರಲಿಲ್ಲ.

ನನ್ನ ಕಾಲದಲ್ಲೇ ಪದ್ಧತಿಗಳು ಎಷ್ಟೋ ಬದಲಾದವು. ಮೊದಲು ಹುಟ್ಟಿದ ಕೂಸನ್ನು ಒಯ್ದು ಬೇರೆ ತೊಟ್ಟಿಲಲ್ಲಿ ಇಡುತ್ತಿದ್ದೆವು, ಸಕ್ಕರೆ ನೀರು ಕುಡಿಸುತ್ತಿದ್ದೆವು. ಆಮೇಲೆ ಅದನ್ನು ನಿಲ್ಲಿಸಿ, ಹುಟ್ಟಿದ ಕೂಡಲೇ ತಾಯಿಯ ಎದೆಯ ಮೇಲೆ ಬರೀ ಮೈಯಲ್ಲಿ ಮಲಗಿಸಿರಿ ಎಂದರು. ಒಂದು ತರಬೇತಿಯಲ್ಲಿ ಕಾಲುಚೀಲಕ್ಕೆ ಅರಳೆ ತುಂಬಿ ಮೊಲೆ ಮಾಡಿಕೊಂಡು ಬಂದಿದ್ದರು. ಪ್ಲಾಸ್ಟಿಕ್ ಗೊಂಬೆಗೆ ಅದನ್ನು ಹಿಡಿಸಬೇಕು. ಗೊಂಬೆ ಏನು ತಕರಾರು ಮಾಡುತ್ತದೆ, ಎಲ್ಲರೂ ಪಾಸಾದೆವು. ಈಗ ಎಲ್ಲ ಮೊಬೈಲಿನಲ್ಲಿದೆ. ವಿಡಿಯೋ ಒಳ್ಳೆಯವೇ, ನಾನೂ ನೋಡಿದ್ದೇನೆ. ಆದರೆ ಅವುಗಳಲ್ಲಿ ಎಲ್ಲವೂ ಬೆಳಕಿನಲ್ಲಿ ನಡೆಯುತ್ತದೆ, ತಾಯಿ ಒಬ್ಬಳೇ ಕೂತಿರುತ್ತಾಳೆ. ನಮ್ಮ ಊರುಗಳಲ್ಲಿ ಬಾಣಂತಿ ಒಬ್ಬಳೇ ಕೂತದ್ದನ್ನು ಯಾರಾದರೂ ನೋಡಿದ್ದೀರಾ?

ಬಾಣಂತಿ ಒಬ್ಬಳೇ ಇರುವುದಿಲ್ಲ ಎಂಬುದರ ಅರ್ಥ ನನಗೆ ಮಾಯವ್ವ ಎಂಬುವಳ ಕೂಸಿನಿಂದ ತಿಳಿಯಿತು. ನಾನು ನಿವೃತ್ತಳಾಗುವ ಮುಂಚಿನ ಚಳಿಗಾಲ. ಆಗ ಅಕ್ಕಲಕೋಟೆ ತಾಲೂಕಿನ ಒಂದು ಉಪಕೇಂದ್ರದಲ್ಲಿದ್ದೆ. ವಾಗದರಿ ಊರಿನ ಆಚೆ, ಹೊಲದ ಅಂಚಿನಲ್ಲಿ ಒಂದು ಪತ್ರಾದ, ಎಂದರೆ ತಗಡಿನ ಮನೆ. ಕುರಿ ಸಾಕುವವರು, ಬೀರೋಬ ದೇವರ ಒಕ್ಕಲು. ಮನೆಯ ಯಜಮಾನಿ ಲಗಮವ್ವ, ನನ್ನ ವಾರಿಗೆಯವಳು. ಅವಳ ಮಗಳು ಮಾಯವ್ವ ಹೆರಿಗೆಗೆಂದು ತವರಿಗೆ ಬಂದಿದ್ದಳು. ಗಂಡುಕೂಸು, ಹುಟ್ಟುವಾಗ ತೂಕ ಚೆನ್ನಾಗಿತ್ತು. ಆದರೆ ಮೊಲೆ ಹಿಡಿಯುತ್ತಿರಲಿಲ್ಲ.

ಮಾಯವ್ವನಿಗೆ ಅದು ಎರಡನೆಯ ಕೂಸು. ಮೊದಲನೆಯದೂ ಹೀಗೆಯೇ ಮೊಲೆ ಹಿಡಿಯದೆ ಅತ್ತಿತ್ತು. ದೀಪಾವಳಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಭೀಮಾ ಹೊಳೆಸಾಲಿಗೆ ಹೋಗುವುದು ಆ ಮನೆಯವರ ಪದ್ಧತಿ. ಹಿಂದೆ ಉಳಿಯಲು ಯಾರೂ ಇಲ್ಲದ್ದರಿಂದ ಬಾಣಂತಿಯನ್ನೂ ಕರೆದುಕೊಂಡು, ಕೂಸಿಗೆ ಬಾಟಲಿ ಕಟ್ಟಿಕೊಂಡು ಹೋದರು. ಹೊಲದಲ್ಲಿ ಬಾಟಲಿ ಕುದಿಸುವವರು ಯಾರು? ಕೂಸಿಗೆ ಭೇದಿ ಹತ್ತಿತು. ಆಸ್ಪತ್ರೆಗೆ ತರುವ ದಾರಿಯಲ್ಲೇ ಹೋಯಿತು. ಆಗ ನಾನಿನ್ನೂ ಆ ಉಪಕೇಂದ್ರಕ್ಕೆ ಬಂದಿರಲಿಲ್ಲ.

ಈ ಸಲವೂ ಬೀರೋಬನ ಗುಡಿಯಲ್ಲಿ ಕಾಯಿ ಒಡೆದು ಬಂದಿದ್ದರು. ಬರುವ ಸೋಮವಾರ ಹೊರಡುವುದು. ಮೇವು ಮುಗಿದಿತ್ತು, ಕುರಿಗಳನ್ನು ನಿಲ್ಲಿಸಿಕೊಳ್ಳುವಂತಿರಲಿಲ್ಲ. ಅಷ್ಟರೊಳಗೆ ಕೂಸು ಮೊಲೆ ಹಿಡಿಯದಿದ್ದರೆ ಮತ್ತೆ ಬಾಟಲಿಯೇ. ಗೋಡೆಯ ಗೂಡಿನಲ್ಲಿ ಹೊಸ ಬಾಟಲಿ ತಂದು ಇಟ್ಟೂ ಇಟ್ಟಿದ್ದರು. ಮಾಯವ್ವ ಆ ಕಡೆ ನೋಡುತ್ತಲೇ ಇರಲಿಲ್ಲ.

ಮೊದಲ ದಿನ ನಾನು ಹೋದಾಗ ಲಗಮವ್ವ ಕುರಿಗಳ ಹತ್ತಿರ ಇದ್ದಳು. ಮಾಯವ್ವ ಗೌನಿನ ಮೇಲೆ ತಾಯಿಯ ಹಳೆಯ ಕೆಂಪು ಇಳಕಲ್ ಸೀರೆ ಹೊದ್ದು ಕೂತಿದ್ದಳು. ಒಳಗೆ ಹೋದೆ. ಕೂಸಿನ ಬಾಯಿಯಲ್ಲಿ ಏನೂ ದೋಷವಿರಲಿಲ್ಲ. ಸ್ವಲ್ಪ ಅತ್ತು, ಸ್ವಲ್ಪ ತಡಕಾಡಿ, ಹಿಡಿಯಿತು. ನಾನು ಹಿಗ್ಗಿ ಮನೆಗೆ ಬಂದೆ. ಮರುದಿನ ಆಶಾ ಕಾರ್ಯಕರ್ತೆ ಸುರೇಖಾಳ ಫೋನು.

"ಸಿಸ್ಟರ್, ಕೂಸು ಮತ್ತ ಹಿಡೀವಲ್ದು. ಎದಿ ಹತ್ರ ಒಯ್ದ್ರ ಸಾಕು, ಚೀರತದ. ಮೊಬೈಲದಾಗ ವಿಡಿಯೋ ತೋರಿಸೀನಿ, ಅದರಾಗ ಇದ್ದಂಗ ಮಾಡತಾಳ ಆಕಿ."

"ಲಗಮವ್ವ ಏನಂತಾಳ?"

"ಹಾಲಿಗಿ ಯಾರದೋ ದೃಷ್ಟಿ ಆಗ್ಯದ ಅಂತಾರ್ರಿ. ಮೆಣಸಿನಕಾಯಿ ನಿವಾಳಿಸಿ ಒಲಿಗಿ ಹಾಕ್ಯಾರ."

ಸುರೇಖಾಳನ್ನು ಕರೆದುಕೊಂಡು ಮತ್ತೆ ಹೋದೆ. ಮಾಯವ್ವ ಬಟ್ಟಲಿಗೆ ಹಾಲು ಹಿಂಡಿ ಚಮಚದಿಂದ ಕುಡಿಸುತ್ತಿದ್ದಳು. ಮೊದಲ ದಿನ ನಾನೇ ಹೇಳಿಕೊಟ್ಟಿದ್ದೆ, ಅದರಿಂದಲೇ ಕೂಸು ತಡೆದುಕೊಂಡಿತ್ತು. ಅವಳ ಮುಖ ಬಾಡಿತ್ತು. "ಇದೂ ಹೋಗತದೇನ್ರಿ ಸಿಸ್ಟರ್?" ಎಂದು ಕೇಳಿದಳು. ಸಂತೆಯಲ್ಲಿ ಉಪ್ಪು ಮುಗಿಯಿತೇ ಎಂದು ಕೇಳುವವರಂತೆ ಕೇಳಿದಳು. ಅಂದು ನಾನು ಏನೂ ಮಾಡಬಾರದು, ಬರೀ ನೋಡಬೇಕು ಎಂದುಕೊಂಡು ಕೆಂಪು ಸೀರೆಯೊಳಗೆ ತಲೆ ಹಾಕಿ ಕೂತೆ.

ಪತ್ರಾದ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಸೀರೆಯೊಳಗೆ ಎಲ್ಲವೂ ಕೆಂಪಾಗಿ ತೇಲುತ್ತಿತ್ತು. ದೂರದಲ್ಲಿ ಮರಿಗಳು ಒದರುತ್ತಿದ್ದವು, ಆ ಸಪ್ಪಳ ಬೇರೆ ಊರಿನಿಂದ ಬಂದಂತೆ ಕೇಳುತ್ತಿತ್ತು. ಮಾಯವ್ವ ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಹೊಟ್ಟೆಗೆ ಹೊಟ್ಟೆ ತಂದಳು, ತೊಟ್ಟನ್ನು ಮೂಗಿನ ಎದುರು ಹಿಡಿದಳು. ಕೂಸು ಮುಖ ಎತ್ತಿತು, ಬಾಯಿ ತೆರೆಯಿತು. ಅಷ್ಟರಲ್ಲಿ ಸೀರೆಯ ಅಂಚು ಸರಿದು ಒಂದು ಕೈ ಒಳಗೆ ಬಂತು.

ಬೆಳ್ಳಿ ಕಡಗದ ಕೈ, ಉಣ್ಣೆಯ ವಾಸನೆ. ಬಿರುಕು ಬಿಟ್ಟ ಅಂಗೈ. ಅದು ಕೂಸಿನ ತಲೆಯ ಹಿಂಭಾಗವನ್ನು ಸರಿಯಾಗಿ ಹುಡುಕಿಕೊಂಡು ಹೋಗಿ, ಮೊಲೆಯ ಕಡೆಗೆ ಒತ್ತಿತು. ಕೂಸು ಬೆನ್ನು ಸೆಟೆದು ಹಿಂದಕ್ಕೆ ಬಾಗಿ ಚೀರಿತು. ಕೈ ಇನ್ನೂ ಒತ್ತಿತು. ಕೂಸು ಇನ್ನೂ ಚೀರಿತು. ಮಾಯವ್ವ ತಲೆ ತಗ್ಗಿಸಿದಳು.

"ಯಾರದಿದು ಕೈ?" ನಾನು ಪಿಸುಗುಟ್ಟಿದೆ.

"ಅವ್ವಂದ್ರಿ" ಎಂದಳು ಅವಳೂ ಪಿಸುದನಿಯಲ್ಲಿ. "ಅವ್ವನ ಕೈಗುಣ ಭಾಳ ಚೊಲೊ ಅದ. ಮಲಿ ಹಿಡೀಲಾರದ ಮರಿ ಎಲ್ಲಾ ಹಿಂಗ ತಲಿ ಒತ್ತಿ ಬದುಕಿಸ್ಯಾಳ."

ಆಗ ಎಲ್ಲವೂ ಹೊಂದಿ ಬಂತು. ಮೊದಲ ದಿನ ಲಗಮವ್ವ ಒಳಗಿರಲಿಲ್ಲ, ಕೂಸು ಕುಡಿದಿತ್ತು. ಕುರಿಮರಿಯ ಕುತ್ತಿಗೆ ಹಿಡಿದು ಕೆಚ್ಚಲಿಗೆ ಒತ್ತಿದರೆ ಅದು ಬಾಯಿ ಹಾಕುತ್ತದೆಯೋ ಏನೋ, ನಾನು ಕುರಿ ಸಾಕಿದವಳಲ್ಲ. ಆದರೆ ಮನುಷ್ಯರ ಕೂಸಿನ ತಲೆಯನ್ನು ಹಿಂದಿನಿಂದ ಒತ್ತಿದರೆ ಅದು ಹಿಂದಕ್ಕೇ ಸರಿಯುತ್ತದೆ. ಮೂಗು ಮೊಲೆಯಲ್ಲಿ ಹುಗಿದು ಉಸಿರು ಕಟ್ಟುತ್ತದೆ. ದಿನಾ ಹೀಗಾದರೆ ಮೊಲೆ ಕಂಡರೇ ಅದಕ್ಕೆ ಭಯ.

ಹೊರಗೆ ಬಂದು ನೇರವಾಗಿ ಹೇಳಿದೆ. "ಲಗಮವ್ವ, ನಿನ್ನ ಕೈ ಒಳಗ ತರಬ್ಯಾಡ."

ಅವಳ ಮುಖ ಬಿಗಿಯಿತು. "ಈ ಕೈಲೆ ಎಷ್ಟ ಮರಿ ಉಳಿಸೀನಿ ಅಂತ ಊರಾಗ ಕೇಳ್ರಿ, ಸಿಸ್ಟರ್. ನನ್ನ ಮೊಮ್ಮಗನ್ನ ನಾ ಮುಟ್ಟಬಾರದೇನ?"

ವಾದ ಮಾಡಿ ಗೆಲ್ಲಬಹುದಾದ ಹೆಂಗಸಲ್ಲ ಅವಳು. ಬೇಜಾರಾದರೂ ಮನೆಗೆ ಬಂದವರಿಗೆ ಚಹಾ ಕೊಡದೆ ಬಿಡುವವಳೂ ಅಲ್ಲ. ಚಹಾ ಕಾಸಿ ನನಗೊಂದು ಕಪ್ಪು ಕೊಟ್ಟು, ತಾನು ಬಶಿಗೆ ಸುರಿದುಕೊಂಡು ಊದತೊಡಗಿದಳು. ನಾನು ಎದ್ದು ಅವಳ ಹಿಂದೆ ಹೋದೆ. ಅವಳು ಬಶಿಯನ್ನು ತುಟಿಯ ಹತ್ತಿರ ತಂದಾಗ, ಅವಳ ತಲೆಯ ಹಿಂದೆ ಅಂಗೈ ಇಟ್ಟು ಬಶಿಯ ಕಡೆಗೆ ಒತ್ತಿದೆ.

ಲಗಮವ್ವ ಹಿಂದಕ್ಕೆ ಜಗ್ಗಿದಳು. ಚಹಾ ಸೀರೆಯ ಮೇಲೆಲ್ಲ ಚೆಲ್ಲಿತು. "ನಿಮಗ ತಲಿ ಕೆಟ್ಟದೇನ್ರಿ ಸಿಸ್ಟರ್" ಎಂದು ಎದ್ದಳು.

"ನಾ ನಿನಗ ಚಾ ಕುಡಸಾಕತ್ತಿದ್ದೆ" ಎಂದೆ.

ಸುರೇಖಾ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆದಳು. ಲಗಮವ್ವ ನಗಲಿಲ್ಲ. ನನ್ನನ್ನು ನೋಡಿದಳು, ಮಗಳನ್ನು ನೋಡಿದಳು. ಖಾಲಿ ಬಶಿಯನ್ನು ಕೆಳಗಿಟ್ಟಳು. ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮಗಳಿಗೆ ಕೇಳಿಸದಂತೆ ನನ್ನ ಹತ್ತಿರ ಬಂದಳು.

"ಮೊದಲಿನ ಕೂಸಿಗೂ ನಾ ಹಿಂಗ ಮಾಡಿದ್ನಿರಿ."

"ಆವಾಗ ನಾ ಇರಲಿಲ್ಲ, ಲಗಮವ್ವ. ನನಗ ಗೊತ್ತಿಲ್ಲ" ಎಂದೆ. ಅವಳು ತಲೆಯಾಡಿಸಿ ಕುರಿಗಳ ಕಡೆ ಹೋದಳು. ನನಗೆ ಅಳು ಬಂತು. ಸುರೇಖಾಳ ಎದುರು ಅಳಬಾರದೆಂದು ಮತ್ತೆ ಸೀರೆಯೊಳಗೆ ತಲೆ ಹಾಕಿದೆ.

ಹೆದರಿದ ಕೂಸಿಗೆ ಕೂಡಲೇ ಮೊಲೆ ಹಿಡಿಸಲು ಹೋಗಬಾರದು. ಚಮಚದಿಂದ ನಾಲ್ಕು ಹನಿ ಕುಡಿಸಿ, ಅಂಗಿ ಬಿಚ್ಚಿ, ತಾಯಿಯ ಬರೀ ಎದೆಯ ಮೇಲೆ ಬೋರಲು ಮಲಗಿಸಿದೆವು. ಮಾಯವ್ವ ಗೋಡೆಗೆ ಒರಗಿಕೊಂಡಳು. ಕೆಂಪು ಸೀರೆಯನ್ನು ಇಬ್ಬರ ಮೇಲೂ ಹೊದಿಸಿ ನಾನು ಒಳಗೇ ಉಳಿದೆ. ಬಿಸಿಲಿನ ಕಲೆ ಸೀರೆಯ ಮೇಲೆ ನಿಧಾನ ಸರಿಯಿತು. ಕೂಸು ನಿದ್ದೆ ಮಾಡಿತು, ಎದ್ದಿತು, ಕೈ ನೆಕ್ಕಿತು. ತಲೆ ಎತ್ತಿತು, ಬಿದ್ದಿತು, ಮತ್ತೆ ಎತ್ತಿತು. ಇಷ್ಟಿಷ್ಟೇ ಸರಿಯುತ್ತ ಹೋಯಿತು. ನಾನೂ ಮಾಯವ್ವನೂ ಉಸಿರು ಹಿಡಿದು ನೋಡುತ್ತಿದ್ದೆವು. ಅದಕ್ಕೆ ನಾವು ಇದ್ದೇವೆ ಎಂಬುದೇ ಗೊತ್ತಿರಲಿಲ್ಲ. ಗದ್ದವನ್ನು ಮೊಲೆಗೆ ಊರಿ, ಮುಖ ಮೇಲೆ ಮಾಡಿ, ಇಷ್ಟಗಲ ಬಾಯಿ ತೆರೆದು, ತಾನೇ ಹಿಡಿಯಿತು. ಮೊದಲು ಚಿಕ್ಕ ಚಿಕ್ಕ ಎಳೆತ, ಆಮೇಲೆ ಉದ್ದ. ಕಿವಿಯ ಹತ್ತಿರ ದವಡೆ ಆಡತೊಡಗಿತು. ಒಂದು ಗುಟುಕು ಕೇಳಿಸಿತು.

"ಸಿಸ್ಟರ್," ಮಾಯವ್ವ ತುಟಿ ಅಲುಗಿಸದೆ ಹೇಳಿದಳು, "ನೋಯವಲ್ದು."

ಅವಳ ಕಣ್ಣೀರು ಕೂಸಿನ ಬೆನ್ನಿನ ಮೇಲೆ ಬಿತ್ತು. ಕೂಸು ಬಿಡಲಿಲ್ಲ.

ಆಮೇಲೆ ನಾನು ದಿನಾ ಹೋದೆ. ಹಿಡಿಯುವುದು, ಬಿಡುವುದು, ಸಿಟ್ಟಾಗುವುದು ಇದ್ದೇ ಇತ್ತು. ಒಂದೇ ಸಲಕ್ಕೆ ಎಲ್ಲ ಸರಿಹೋಗುವುದು ವಿಡಿಯೋದಲ್ಲಿ ಮಾತ್ರ. ಲಗಮವ್ವ ಹಾಲು ಕುಡಿಸುವ ಹೊತ್ತಿಗೆ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ಕೂಸನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಿದ್ದಳು. ನನಗೆ ಅದೂ ಸರಿಯೆನಿಸಲಿಲ್ಲ. "ಆಕಿಗಿ ಬೆನ್ನು ನೋಯತದ, ಹಿಂದ ಕೂತು ಆನಿಕಿ ಕೊಡು, ನಿನ್ನ ಕೈಯಾಗ ಶಕ್ತಿ ಅದ" ಎಂದೆ.

ಸೋಮವಾರ ಬಂತು. ನಾನು ಉಪಕೇಂದ್ರದ ಬಾಗಿಲು ತೆರೆಯುತ್ತಿದ್ದಾಗ ರಸ್ತೆಯಲ್ಲಿ ಧೂಳು ಎದ್ದಿತು. ಮುಂದೆ ಕುರಿ, ಹಿಂದೆ ಹಾಸಿಗೆ ಪಾತ್ರೆ ಎಳೆಮರಿಗಳನ್ನು ತುಂಬಿದ ಛೋಟಾ ಹಾತಿ ಎಂಬ ಸಣ್ಣ ಟೆಂಪೋ ಗಾಡಿ. ಎಲ್ಲವೂ ಬೆಳಗಿನ ಧೂಳಿನಲ್ಲಿ ನೆಲ ಮುಟ್ಟದೆ ನಡೆದು ಬಂದಂತಿತ್ತು. ಗಾಡಿ ನಮ್ಮ ಬೇವಿನ ಗಿಡದ ಕೆಳಗೆ ನಿಂತಿತು. ಹಿಂದೆ ಹಾಸಿಗೆಯ ಮೇಲೆ ಮಾಯವ್ವ ಕೆಂಪು ಸೀರೆ ಹೊದ್ದು ಕೂತಿದ್ದಳು. ಅವಳ ಬೆನ್ನಿಗೆ ಎದೆ ಆನಿಸಿ ಲಗಮವ್ವ ಕೂತಿದ್ದಳು.

"ಬರ್ರಿ ಸಿಸ್ಟರ್, ಒಳಗ ನೋಡ್ರಿ" ಎಂದಳು ಲಗಮವ್ವ.

ಗಾಡಿ ಹತ್ತಿ ತಲೆ ಹಾಕಿದೆ. ಕೂಸು ಕುಡಿಯುತ್ತಿತ್ತು. ತುಟಿ ಹೊರಗೆ ಮಡಚಿತ್ತು, ಗದ್ದ ಎದೆಗೆ ಅಂಟಿತ್ತು, ಮೂಗು ಬಿಡುವಾಗಿತ್ತು. ನಾನು ಹೇಳುವುದು ಏನೂ ಉಳಿದಿರಲಿಲ್ಲ. ಹಾಗೇ ನೋಡುತ್ತ ಇದ್ದೆ. ಆಗ ಮಾಯವ್ವನ ಹೆಗಲ ಬಳಿ ಸೀರೆಯ ಅಂಚು ಸರಿದು ಬೆಳಕು ಒಳಗೆ ಬಿತ್ತು. ಬೆಳ್ಳಿ ಕಡಗದ ಕೈ ಒಳಗೆ ಬಂತು.

ಮಾಯವ್ವನ ಮೈ ಬಿಗಿಯಾದದ್ದು ಕಂಡೆ. ಕೈ ಕೂಸಿನ ತಲೆಯ ಕಡೆಗೇ ಹೋಯಿತು. ಗೇಣು ದೂರದಲ್ಲಿ ನಿಂತಿತು. ಅಲ್ಲಿ ಕೂಸಿನ ಕಿವಿಯ ಮೇಲೆ ಒಂದು ನೊಣ ಕೂತಿತ್ತು. ಕೈ ಅದನ್ನು ಹಾರಿಸಿತು, ಕೂಸಿನ ಕೂದಲಿಗೂ ತಾಗಲಿಲ್ಲ. ಇನ್ನೊಂದು ಗಳಿಗೆ ಅಲ್ಲೇ ಕೆಂಪು ಬೆಳಕಿನಲ್ಲಿ ನಿಂತು, ಬಂದ ದಾರಿಯಿಂದಲೇ ಹೊರಗೆ ಹೋಯಿತು. ಕೂಸು ಕುಡಿಯುತ್ತಲೇ ಇತ್ತು.